ಪರದೆಯ ಅಂಕಿಗೆ ನೀರೇ ಸಾಕ್ಷಿ ಹೇಳಬೇಕು: ನೀರಿನ ಘಟಕಗಳ ಸೆನ್ಸರ್ ರಕ್ಷಣೆಗೆ ಮಾಡಬೇಕಾದ್ದು, ಮಾಡಬಾರದ್ದು

ಈ ಸೂಚನೆ ಕುಡಿಯುವ ನೀರಿನ ಶುದ್ಧೀಕರಣ ಘಟಕ, ಜಾಕ್‌ವೆಲ್, ಪಂಪ್‌ಹೌಸ್ ಮತ್ತು ಕಂಟ್ರೋಲ್ ರೂಮ್‌ಗಳಲ್ಲಿ ಶಿಫ್ಟ್ ನೋಡುವ ಆಪರೇಟರ್, ವಾಲ್ವ್‌ಮನ್, ಎಲೆಕ್ಟ್ರಿಷಿಯನ್, ಕಿರಿಯ ಎಂಜಿನಿಯರ್‌ಗಳಿಗೆ, ಅವರ ಮೇಲಧಿಕಾರಿಗಳಿಗೆ, ನಿರ್ವಹಣೆಯ ಗುತ್ತಿಗೆ ಹಿಡಿದವರಿಗೆ. ಕಂಪ್ಯೂಟರ್ ವಿಭಾಗಕ್ಕೆ ಕಳಿಸಿ ಕೈ ತೊಳೆದುಕೊಳ್ಳುವ ಕಾಗದ ಇದಲ್ಲ. ಇಲ್ಲಿ ಹೇಳಿರುವ ಬಹುಪಾಲು ಕೆಲಸ ಟ್ಯಾಂಕಿನ ಪಕ್ಕದಲ್ಲಿ ನಿಂತು, ಅಳತೆ ಪಟ್ಟಿ ನೋಡಿ ಮಾಡುವಂಥದ್ದು.

ಇಂದು ಬಹಳಷ್ಟು ಘಟಕಗಳಲ್ಲಿ ಪಂಪ್ ಚಾಲೂ ಮಾಡುವುದು, ವಾಲ್ವ್ ತೆರೆಯುವುದು, ಕ್ಲೋರಿನ್ ಹಾಕುವುದು ಮನುಷ್ಯರಲ್ಲ. ಸೆನ್ಸರ್ ಒಂದು ಅಂಕಿ ಕಳಿಸುತ್ತದೆ. ಪಿಎಲ್‌ಸಿ ಎಂಬ ನಿಯಂತ್ರಣ ಯಂತ್ರ ಆ ಅಂಕಿಯನ್ನು ನಂಬಿ ಆದೇಶ ಕೊಡುತ್ತದೆ. ಕೇಡು ಬಯಸುವವನು ಪಂಪಿನ ಹತ್ತಿರ ಸುಳಿಯಬೇಕಿಲ್ಲ, ಪಿಎಲ್‌ಸಿಯ ಪ್ರೋಗ್ರಾಮ್ ಮುಟ್ಟಬೇಕಿಲ್ಲ. ಅಂಕಿಯನ್ನು ಸುಳ್ಳು ಮಾಡಿದರೆ ಸಾಕು, ಉಳಿದ ಅನಾಹುತವನ್ನು ನಮ್ಮದೇ ಯಂತ್ರ ನಿಯಮ ತಪ್ಪದೆ ಮಾಡಿ ಮುಗಿಸುತ್ತದೆ. ಕ್ಲೋರಿನ್ ಅನಲೈಸರ್ ಹೆಚ್ಚು ತೋರಿಸಿದರೆ ಡೋಸಿಂಗ್ ಪಂಪ್ ಕ್ಲೋರಿನ್ ಕಡಿಮೆ ಮಾಡುತ್ತದೆ. ಸೋಂಕು ಕಳೆಯದ ನೀರು ಊರಿನ ನಲ್ಲಿಗಳಿಗೆ ಹೋಗುತ್ತದೆ. ಪರದೆಯ ಮೇಲೆ ಎಲ್ಲವೂ ಹಸಿರಾಗಿಯೇ ಇರುತ್ತದೆ. ನಾಲ್ಕು ದಿನ ಕಳೆದ ಮೇಲೆ ಮಕ್ಕಳು ವಾಂತಿ ಭೇದಿಯಿಂದ ಆಸ್ಪತ್ರೆ ಸೇರಿದಾಗ ವಿಷಯ ತಿಳಿಯುತ್ತದೆ.

ಆದ್ದರಿಂದ ಎಲ್ಲಕ್ಕೂ ಮೊದಲ ನಿಯಮ ಇದು: ಒಂದೇ ಸೆನ್ಸರಿನ ಮಾತಿನ ಮೇಲೆ ಘಟಕ ಕದಲಬಾರದು. ಪ್ರತಿ ಮುಖ್ಯ ಅಂಕಿಗೂ ಬೇರೆ ದಾರಿಯಿಂದ ಬರುವ ಇನ್ನೊಂದು ಸಾಕ್ಷಿ ಇರಲೇಬೇಕು. ಕೆಳಗಿನ ಎಲ್ಲ ಸೂಚನೆಗಳೂ ಇದರಿಂದಲೇ ಹುಟ್ಟಿದವು.

ಸುಳ್ಳು ಎಲ್ಲಿ ಸೇರುತ್ತದೆ

ನಾಲ್ಕು ಜಾಗಗಳನ್ನು ನೆನಪಿಡಿ.

ಮೊದಲನೆಯದು ಸೆನ್ಸರಿನ ಬಾಯಿ. ಟ್ಯಾಂಕಿನ ಮೇಲೆ ಕೂರಿಸಿದ ಅಲ್ಟ್ರಾಸೋನಿಕ್ ಲೆವೆಲ್ ಮೀಟರಿನ ಕೆಳಗೆ ಒಂದು ಹಲಗೆ ಅಡ್ಡ ಇಟ್ಟರೆ ಅದು ಹಲಗೆಯನ್ನೇ ನೀರಿನ ಮಟ್ಟ ಎಂದು ಓದುತ್ತದೆ. ಟ್ಯಾಂಕ್ ತುಂಬಿದೆ ಎಂದು ಪಂಪ್ ನಿಲ್ಲುತ್ತದೆ. ಕ್ಲೋರಿನ್ ಅನಲೈಸರಿಗೆ ನೀರು ತರುವ ಸಣ್ಣ ಪೈಪಿನ ವಾಲ್ವ್ ಮುಚ್ಚಿದರೆ ಅದು ಒಳಗೆ ನಿಂತ ಹಳೆಯ ನೀರನ್ನೇ ಓದುತ್ತಾ ಕೂರುತ್ತದೆ. ದಕ್ಷಿಣ ಕೊರಿಯಾದ ಕೈಸ್ಟ್ ಸಂಸ್ಥೆಯ ಸಂಶೋಧಕರು 2015ರಲ್ಲಿ ಬರೀ ಶಬ್ದದಿಂದ ಡ್ರೋನಿನ ಗೈರೊಸ್ಕೋಪ್ ತಪ್ಪು ಓದುವಂತೆ ಮಾಡಿ, ಹಾರುತ್ತಿದ್ದ ಡ್ರೋನನ್ನು ಕೆಳಗೆ ಬೀಳಿಸಿ ತೋರಿಸಿದ್ದಾರೆ. ಇಂಥ ಕಡೆ ಪಾಸ್‌ವರ್ಡ್, ಗೂಢಲಿಪಿ ಯಾವುದೂ ಕೆಲಸಕ್ಕೆ ಬರುವುದಿಲ್ಲ. ಸುಳ್ಳು ಹುಟ್ಟುವುದೇ ಅಂಕಿ ವೈರನ್ನು ತಲುಪುವ ಮುಂಚೆ.

ಎರಡನೆಯದು ವೈರು. 4-20 ಮಿಲಿಆಂಪ್ ಲೂಪಿನ ಜಂಕ್ಷನ್ ಬಾಕ್ಸ್ ತೆರೆದಿದ್ದರೆ ಸಣ್ಣದೊಂದು ಕ್ಯಾಲಿಬ್ರೇಟರ್ ಜೋಡಿಸಿ ಯಾರು ಬೇಕಾದರೂ ಬೇಕಾದ ಅಂಕಿ ಕಳಿಸಬಹುದು. ಮೂರನೆಯದು ನೆಟ್‌ವರ್ಕ್. ಯಂತ್ರಗಳು ಪರಸ್ಪರ ಮಾತಾಡಲು ನಮ್ಮಲ್ಲಿ ವ್ಯಾಪಕವಾಗಿ ಬಳಕೆಯಲ್ಲಿರುವ ಮಾಡ್‌ಬಸ್ 1979ರ ಕಾಲದ್ದು. ಮಾತಾಡುತ್ತಿರುವವನು ಯಾರು ಎಂದು ಅದು ಕೇಳುವುದೇ ಇಲ್ಲ. ನಾಲ್ಕನೆಯದು ಪರದೆ. 2010ರಲ್ಲಿ ಪತ್ತೆಯಾದ ಸ್ಟಕ್ಸ್‌ನೆಟ್ ಎಂಬ ದುಷ್ಟ ತಂತ್ರಾಂಶ ಇರಾನಿನ ನತಾಂಜ್ ಪರಮಾಣು ಘಟಕದ ಸೆಂಟ್ರಿಫ್ಯೂಜ್‌ಗಳನ್ನು ಹಾಳು ಮಾಡಿದ್ದು ಕಣ್ಣಿಗೆ ಬೀಳದಂತೆ. ಎಲ್ಲವೂ ಸರಿಯಿದ್ದಾಗಿನ 21 ಸೆಕೆಂಡುಗಳ ಸೆನ್ಸರ್ ಅಂಕಿಗಳನ್ನು ದಾಖಲಿಸಿಕೊಂಡು, ಕೆಡಿಸುವ ಕೆಲಸ ನಡೆಯುವಾಗ ಅದನ್ನೇ ಮತ್ತೆ ಮತ್ತೆ ತೋರಿಸುವ ಏರ್ಪಾಡು ಅದರ ಒಂದು ರೂಪದಲ್ಲಿತ್ತು. ಕಂಟ್ರೋಲ್ ರೂಮಿನಲ್ಲಿ ಕೂತವರು ನೋಡುತ್ತಿದ್ದುದು ಹಳೆಯ ಅಂಕಿಗಳನ್ನು.

ಮಾಡಬೇಕಾದ್ದು

ಮೊದಲು ಪಟ್ಟಿ ಮಾಡಿ. ಘಟಕದಲ್ಲಿರುವ ಪ್ರತಿ ಸೆನ್ಸರಿನ ಹೆಸರು ಬರೆದು ಅದರ ಎದುರಿಗೆ ಮೂರು ವಿಷಯ ನಮೂದಿಸಿ: ಇದರ ಅಂಕಿ ನೋಡಿ ತಾನಾಗಿಯೇ ನಡೆಯುವ ಕೆಲಸ ಯಾವುದು, ಇದು ಸುಳ್ಳು ಹೇಳಿದರೆ ಆಗುವ ಅತಿ ದೊಡ್ಡ ಹಾನಿ ಯಾವುದು, ಆ ಸುಳ್ಳನ್ನು ಹಿಡಿಯುವ ಇನ್ನೊಂದು ಸಾಕ್ಷಿ ಯಾವುದು. ಮೂರನೇ ಕಾಲಮ್ ಖಾಲಿ ಉಳಿದ ಕಡೆಯೇ ನಿಮ್ಮ ಘಟಕದ ದುರ್ಬಲ ಜಾಗ. ಖರ್ಚು ಮಾಡುವುದಾದರೆ ಮೊದಲು ಅಲ್ಲಿ ಮಾಡಿ.

ಎರಡನೇ ಸಾಕ್ಷಿ ಬೇರೆ ಜಾತಿಯದಾಗಿರಲಿ. ಒಂದೇ ಕಂಪನಿಯ ಎರಡು ಅಲ್ಟ್ರಾಸೋನಿಕ್ ಮೀಟರ್ ಪಕ್ಕಪಕ್ಕದಲ್ಲಿ ಹಾಕಿ, ಒಂದೇ ಕೇಬಲ್‌ನಲ್ಲಿ ತಂದರೆ ಅವು ಎರಡಲ್ಲ, ಒಂದೇ. ಮೇಲೆ ಅಲ್ಟ್ರಾಸೋನಿಕ್ ಇದ್ದರೆ ತಳದಲ್ಲಿ ಪ್ರೆಷರ್ ಟ್ರಾನ್ಸ್‌ಮಿಟರ್ ಇರಲಿ. ಇವೆರಡರ ಜೊತೆಗೆ ಒಂದು ಫ್ಲೋಟ್ ಸ್ವಿಚ್ ಇರಲಿ. ಆ ಫ್ಲೋಟ್ ಸ್ವಿಚ್‌ನ ವೈರು ಪಿಎಲ್‌ಸಿಗೆ ಹೋಗದೆ ನೇರವಾಗಿ ಮೋಟಾರ್ ಸ್ಟಾರ್ಟರಿಗೆ ಹೋಗಬೇಕು. ನೆಟ್‌ವರ್ಕ್ ಪೂರ್ತಿ ಶತ್ರುವಿನ ಕೈಗೆ ಸಿಕ್ಕರೂ ನೀರು ತುಂಬಿ ಚೆಲ್ಲುವ ಮುನ್ನ ಮೋಟಾರ್ ನಿಲ್ಲುತ್ತದೆ. ಇದಕ್ಕೆ ತಗಲುವ ಹಣ ಅತ್ಯಲ್ಪ.

ಆ ಕೊನೆಯ ಸ್ವಿಚ್ಚನ್ನು ಎಷ್ಟು ಎತ್ತರದಲ್ಲಿ ಕೂರಿಸಿದ್ದೀರಿ ಎಂಬುದೂ ಮುಖ್ಯ. ಅಮೆರಿಕದ ಮಿಸೌರಿಯಲ್ಲಿ ಟಾಮ್ ಸಾಕ್ ಎಂಬ ಪಂಪ್ಡ್ ಸ್ಟೋರೇಜ್ ಯೋಜನೆ ಇದೆ. ಅದರ ಮೇಲಿನ ಜಲಾಶಯದಲ್ಲಿ ಲೆವೆಲ್ ಸೆನ್ಸರುಗಳಿದ್ದ ಪೈಪುಗಳು ಕಟ್ಟಿನಿಂದ ಬಿಚ್ಚಿಕೊಂಡು ಬಾಗಿದ್ದವು. ಅವು ನಿಜವಾದ ಮಟ್ಟಕ್ಕಿಂತ ಕಡಿಮೆ ತೋರಿಸುತ್ತಿದ್ದವು. ತುರ್ತಿಗೆಂದು ಇಟ್ಟಿದ್ದ ಪ್ರೋಬ್‌ಗಳು ಗೋಡೆಯ ಅತಿ ತಗ್ಗು ಜಾಗಕ್ಕಿಂತ ಎತ್ತರದಲ್ಲಿದ್ದವು. 2005ರ ಡಿಸೆಂಬರ್ 14ರ ಬೆಳಗಿನ ಜಾವ ನೀರು ಗೋಡೆ ದಾಟಿ ಹರಿಯಿತು, ಗೋಡೆ ಒಡೆಯಿತು, 350 ಕೋಟಿ ಲೀಟರಿಗೂ ಹೆಚ್ಚು ನೀರು ಅರ್ಧ ಗಂಟೆಯೊಳಗೆ ಕೆಳಗಿನ ಕಣಿವೆಗೆ ನುಗ್ಗಿತು. ಆ ಕಣಿವೆಯಲ್ಲಿದ್ದ ಉದ್ಯಾನದ ಅಧಿಕಾರಿಯ ಮನೆ, ಹೆಂಡತಿ, ಮಕ್ಕಳು ಕೊಚ್ಚಿ ಹೋದರು. ಅವರೆಲ್ಲ ಬದುಕಿ ಉಳಿದದ್ದು ದೊಡ್ಡ ಅದೃಷ್ಟ. ಅಲ್ಲಿ ಯಾವ ದಾಳಿಕೋರನೂ ಇರಲಿಲ್ಲ. ತಾನಾಗಿ ಬಿಚ್ಚಿಕೊಂಡ ಪೈಪ್ ಮಾಡಿದ ಕೆಲಸವನ್ನು ಬೇಕೆಂದೇ ಮಾಡುವವನೊಬ್ಬ ಇದ್ದರೆ ಅವನಿಗೆ ಇನ್ನೂ ಸುಲಭ. ನಿಮ್ಮ ಹೈ-ಲೆವೆಲ್ ಸ್ವಿಚ್ ಟ್ಯಾಂಕಿನ ಓವರ್‌ಫ್ಲೋ ಪೈಪಿಗಿಂತ ಕೆಳಗಿದೆಯೇ? ಈ ವಾರವೇ ಮೇಲೆ ಹತ್ತಿ ನೋಡಿ, ಸ್ವಿಚ್ಚನ್ನು ಕೈಯಿಂದ ಎತ್ತಿ ಮೋಟಾರ್ ನಿಲ್ಲುತ್ತದೆಯೇ ಪರೀಕ್ಷಿಸಿ.

ಪ್ರತಿ ಶಿಫ್ಟಿನಲ್ಲಿ ಕೈ ಅಳತೆ ತೆಗೆಯಿರಿ. ಟ್ಯಾಂಕಿನ ಗೋಡೆಗೆ ಬಣ್ಣದಲ್ಲಿ ಬರೆದ ಅಳತೆ ಪಟ್ಟಿ, ಪಂಪಿನ ಮೇಲಿನ ಪ್ರೆಷರ್ ಗೇಜ್, ಕ್ಲೋರಿನ್ ಪರೀಕ್ಷಾ ಕಿಟ್ ಇವು ಮೂರೂ ನೆಟ್‌ವರ್ಕಿಗೆ ಸೇರದ ಸಾಕ್ಷಿಗಳು. ಒಂದು ಕ್ರಮವನ್ನು ಮಾತ್ರ ತಪ್ಪಬೇಡಿ: ಮೊದಲು ಸ್ಥಳದಲ್ಲಿ ನೋಡಿ ಲಾಗ್‌ಬುಕ್ಕಿನಲ್ಲಿ ಬರೆಯಿರಿ, ಆಮೇಲೆ ಪರದೆ ನೋಡಿ. ಪರದೆ ನೋಡಿಕೊಂಡು ಹೋದವರಿಗೆ ಗೇಜಿನ ಮುಳ್ಳೂ ಅದೇ ಅಂಕಿಯನ್ನು ತೋರಿಸಿದಂತೆ ಕಾಣುತ್ತದೆ.

ಕ್ಲೋರಿನ್ ಪರೀಕ್ಷೆಯ ವಿಷಯದಲ್ಲಿ ಇನ್ನಷ್ಟು ಎಚ್ಚರ ಬೇಕು. ಭಾರತೀಯ ಮಾನಕ ಐಎಸ್ 10500ರ ಪ್ರಕಾರ ನೀರಿನಲ್ಲಿ ಉಳಿದ ಕ್ಲೋರಿನ್ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಮ್ ಇರಬೇಕು. ಡಿಪಿಡಿ ಮಾತ್ರೆ ಹಾಕಿದಾಗ ಕ್ಲೋರಿನ್ ಇರುವ ನೀರು ಗುಲಾಬಿ ಬಣ್ಣಕ್ಕೆ ತಿರುಗುತ್ತದೆ. ಆದರೆ ಕ್ಲೋರಿನ್ ವಿಪರೀತ ಹೆಚ್ಚಿದ್ದರೆ ಆ ಬಣ್ಣ ಕ್ಷಣ ಕಾಣಿಸಿ ಮಾಯವಾಗುತ್ತದೆ, ಕ್ಲೋರಿನ್ನೇ ಇಲ್ಲವೆಂಬ ಭ್ರಮೆ ಹುಟ್ಟುತ್ತದೆ. ಬಣ್ಣ ಬಂದು ಹೋದರೆ ಕ್ಲೋರಿನ್ ಇಲ್ಲದ ಶುದ್ಧ ನೀರನ್ನು ಅಳತೆ ಮಾಡಿ ಬೆರೆಸಿ, ಮತ್ತೆ ಪರೀಕ್ಷೆ ಮಾಡಿ. ಇಲ್ಲದಿದ್ದರೆ ಕೈಯಲ್ಲಿ ಮಾಡಿದ ಪರೀಕ್ಷೆಯೇ ದಾಳಿಕೋರನ ಪರವಾಗಿ ಸಾಕ್ಷಿ ಹೇಳುತ್ತದೆ.

ನೀರಿನ ಲೆಕ್ಕ ಹಾಕಿ. ಈ ಕೆಲಸಕ್ಕೆ ಕಾಗದ, ಪೆನ್ನು ಸಾಕು. 10 ಲಕ್ಷ ಲೀಟರ್ ಹಿಡಿಯುವ, 5 ಮೀಟರ್ ಆಳದ, ನೇರ ಗೋಡೆಯ ಟ್ಯಾಂಕನ್ನು ತೆಗೆದುಕೊಳ್ಳಿ. ಒಂದು ಸೆಂಟಿಮೀಟರ್ ನೀರು ಎಂದರೆ 2,000 ಲೀಟರ್. ಒಳಗೆ ಗಂಟೆಗೆ 1,20,000 ಲೀಟರ್ ಬರುತ್ತಿದೆ, ಹೊರಗೆ 80,000 ಲೀಟರ್ ಹೋಗುತ್ತಿದೆ ಎಂದು ಫ್ಲೋ ಮೀಟರುಗಳು ಹೇಳುತ್ತಿದ್ದರೆ, ಟ್ಯಾಂಕಿನಲ್ಲಿ ಗಂಟೆಗೆ 40,000 ಲೀಟರ್ ಏರಬೇಕು, ಅಂದರೆ 20 ಸೆಂಟಿಮೀಟರ್. ಪರದೆಯಲ್ಲಿ 5 ಸೆಂಟಿಮೀಟರ್ ಮಾತ್ರ ಏರಿದ್ದರೆ ಮೂರು ಮೀಟರುಗಳಲ್ಲಿ ಕನಿಷ್ಠ ಒಂದು ಸುಳ್ಳು ಹೇಳುತ್ತಿದೆ, ಇಲ್ಲವೇ ನೀರು ಎಲ್ಲೋ ಸೋರುತ್ತಿದೆ. ಎರಡನ್ನೂ ಹುಡುಕಲೇಬೇಕು. ನಿಮ್ಮ ಟ್ಯಾಂಕಿನ ಒಂದು ಸೆಂಟಿಮೀಟರಿಗೆ ಎಷ್ಟು ಲೀಟರ್ ಎಂಬುದನ್ನು ಕಂಟ್ರೋಲ್ ರೂಮಿನ ಗೋಡೆಯ ಮೇಲೆ ದೊಡ್ಡದಾಗಿ ಬರೆದಿಡಿ.

ಈ ಲೆಕ್ಕ ಹಾಕದೆ ಹೋದದ್ದಕ್ಕೆ ತೆತ್ತ ಬೆಲೆ ದೊಡ್ಡದು. 2005ರ ಮಾರ್ಚ್ 23ರಂದು ಅಮೆರಿಕದ ಟೆಕ್ಸಾಸ್ ಸಿಟಿಯ ತೈಲ ಸಂಸ್ಕರಣಾಗಾರದಲ್ಲಿ ಒಂದು ಗೋಪುರಕ್ಕೆ ಗಂಟೆಗಟ್ಟಲೆ ದ್ರವ ತುಂಬುತ್ತಲೇ ಇತ್ತು, ಹೊರಗೆ ಹೋಗುತ್ತಿರಲಿಲ್ಲ. ಲೆವೆಲ್ ಟ್ರಾನ್ಸ್‌ಮಿಟರ್ ಮಾತ್ರ ಮಟ್ಟ ನಿಧಾನವಾಗಿ ಇಳಿಯುತ್ತಿದೆ ಎಂದು ತೋರಿಸಿತು. ಒಳಗೆ ಬಂದದ್ದೆಷ್ಟು, ಹೊರಗೆ ಹೋದದ್ದೆಷ್ಟು ಎಂದು ಯಾರೂ ಕೂಡಿ ಕಳೆಯಲಿಲ್ಲ. ಗೋಪುರ ತುಂಬಿ ಹೊರಚೆಲ್ಲಿ ಸ್ಫೋಟವಾಯಿತು. 15 ಕಾರ್ಮಿಕರು ಸತ್ತರು, 180 ಮಂದಿ ಗಾಯಗೊಂಡರು.

ಉದ್ದನೆಯ ಕೊಳವೆ ಮಾರ್ಗ ಇರುವ ಕಡೆ ಈ ಲೆಕ್ಕ ಇನ್ನೂ ಬಲವಾಗುತ್ತದೆ. ಬೆಂಗಳೂರಿಗೆ ಕಾವೇರಿ ನೀರು ಮಳವಳ್ಳಿ ತಾಲ್ಲೂಕಿನ ತೊರೆಕಾಡನಹಳ್ಳಿಯಿಂದ ಹೊರಟು ಹಾರೋಹಳ್ಳಿ, ತಾತಗುಣಿಗಳಲ್ಲಿ ಮತ್ತೆ ಪಂಪ್ ಆಗಿ ಸುಮಾರು 100 ಕಿಲೋಮೀಟರ್ ದೂರ ಬರುತ್ತದೆ. 2024ರ ಅಕ್ಟೋಬರ್ 16ರಂದು ಉದ್ಘಾಟನೆಯಾದ ಐದನೇ ಹಂತವೊಂದರದೇ ಸಾಮರ್ಥ್ಯ ದಿನಕ್ಕೆ 77.5 ಕೋಟಿ ಲೀಟರ್. ಹಂತ ಹಂತವಾಗಿ ಸಾಗುವ ಯಾವ ಮಾರ್ಗದಲ್ಲಿಯೂ ಒಂದು ಸ್ಟೇಷನ್ ಬಿಟ್ಟ ನೀರು ಮುಂದಿನದಕ್ಕೆ ಬಂದಿರಲೇಬೇಕು. ಹಾಗಾಗಿ ಬೇರೆ ಬೇರೆ ಸ್ಟೇಷನ್‌ಗಳ ಆಪರೇಟರುಗಳು ಪ್ರತಿ ಶಿಫ್ಟಿಗೊಮ್ಮೆ ಫೋನಿನಲ್ಲಿ, ತಮ್ಮ ತಮ್ಮ ಸ್ಥಳದ ಮೀಟರಿನಿಂದ ಓದಿದ ಅಂಕಿಯನ್ನು ಬಾಯಿಮಾತಿನಲ್ಲಿ ಹೋಲಿಸಿ ನೋಡಬೇಕು. ಕಂಟ್ರೋಲ್ ರೂಮಿನ ಸ್ಕಾಡಾ ವ್ಯವಸ್ಥೆ ಕಳಿಸುವ ವರದಿ ಈ ಮಾತಿಗೆ ಬದಲಿಯಲ್ಲ.

ಲೆಕ್ಕ ಸರಿ ಹೊಂದಿತು ಎಂದು ಪೂರ್ತಿ ನಿಶ್ಚಿಂತರಾಗುವಂತಿಲ್ಲ. ಎಲ್ಲ ಮೀಟರುಗಳನ್ನೂ ಕೈವಶ ಮಾಡಿಕೊಂಡವನು ಲೆಕ್ಕ ಕೂಡಿಬರುವಂತೆಯೇ ಸುಳ್ಳು ಹೆಣೆಯಬಲ್ಲ. ವಿದ್ಯುತ್ ಜಾಲದ ವಿಷಯದಲ್ಲಿ ಇದು ಸಾಧ್ಯ ಎಂದು ಲಿಯು, ನಿಂಗ್ ಮತ್ತು ರೈಟರ್ ಎಂಬ ಸಂಶೋಧಕರು 2009ರಲ್ಲೇ ಗಣಿತದಿಂದ ತೋರಿಸಿದರು. ಆಮೇಲೆ ಬಂದ ಸಂಶೋಧನೆಗಳು ಇನ್ನೊಂದು ಮಾತನ್ನೂ ಹೇಳಿವೆ: ಒಂದೇ ವಿಷಯವನ್ನು ಅಳೆಯುವ ಮೂರು ಸೆನ್ಸರುಗಳಿದ್ದರೆ ಒಂದರ ಸುಳ್ಳನ್ನು ತಡೆದುಕೊಳ್ಳಬಹುದು, ಐದಿದ್ದರೆ ಎರಡರ ಸುಳ್ಳನ್ನು. ಅರ್ಧ ಅಥವಾ ಅದಕ್ಕಿಂತ ಹೆಚ್ಚು ಕೈತಪ್ಪಿದರೆ ಯಾವ ಸಾಫ್ಟ್‌ವೇರೂ ಸತ್ಯವನ್ನು ಹೆಕ್ಕಿ ಕೊಡಲಾರದು. ಆದ್ದರಿಂದ ಕೆಲವೇ ಕೆಲವು ಮುಖ್ಯ ಮೀಟರುಗಳನ್ನು ಆರಿಸಿ, ಬೀಗ, ಸೀಲು, ಪ್ರತ್ಯೇಕ ಕೇಬಲ್ ಎಲ್ಲವನ್ನೂ ಕೊಟ್ಟು ಕಾಪಾಡಿ.

ಅಂಕಿಯ ನಡೆ ಗಮನಿಸಿ. ನಿಜವಾದ ನೀರು ಅಲುಗುತ್ತದೆ. ಪಂಪ್ ಓಡುವಾಗ ಲೆವೆಲ್ ಮೀಟರಿನ ಕೊನೆಯ ಅಂಕಿ ಸದಾ ಹಿಂದೆ ಮುಂದೆ ಆಡುತ್ತಿರುತ್ತದೆ. ಗಂಟೆಗಟ್ಟಲೆ ಕದಲದೆ ನಿಂತ ಅಂಕಿಯನ್ನು, ಒಂದೇ ಏರಿಳಿತ ಮರುಕಳಿಸುವ ಗ್ರಾಫನ್ನು ಕಂಡರೆ ಅನುಮಾನ ಪಡಿ. ದಿಢೀರ್ ಜಿಗಿತ ಎಲ್ಲರ ಕಣ್ಣಿಗೂ ಬೀಳುತ್ತದೆ, ನಿಧಾನದ ಜಾರುವಿಕೆ ಬೀಳುವುದಿಲ್ಲ. ಸಿಂಗಪುರದ ತಂತ್ರಜ್ಞಾನ ಮತ್ತು ವಿನ್ಯಾಸ ವಿಶ್ವವಿದ್ಯಾಲಯದಲ್ಲಿ ಇಂಥ ಪ್ರಯೋಗಗಳಿಗೆಂದೇ ಆರು ಹಂತಗಳ ಸಣ್ಣ ನೀರು ಶುದ್ಧೀಕರಣ ಘಟಕವನ್ನು ಕಟ್ಟಿದ್ದಾರೆ. ಅಲ್ಲಿ ನಡೆಸಿದ ದಾಳಿಗಳಲ್ಲೊಂದು, ಟ್ಯಾಂಕಿನ ಮಟ್ಟವನ್ನು ಸೆಕೆಂಡಿಗೆ 1 ಮಿಲಿಮೀಟರಿನಂತೆ ಏರಿಸಿ ತೋರಿಸುವುದು. ದಿಢೀರ್ ಜಿಗಿತ ಕಾಣುವುದಿಲ್ಲ, ಟ್ಯಾಂಕ್ ಬರಿದಾಗಿ ಪಂಪ್ ಒಣಗಿ ಓಡುವಂತೆ ಮಾಡುವುದು ಅದರ ಗುರಿ. ಇಂಥದನ್ನು ಹಿಡಿಯಲು ಪ್ರತಿ ಕ್ಷಣದ ಸಣ್ಣ ವ್ಯತ್ಯಾಸಗಳನ್ನು ಕೂಡಿಸುತ್ತಾ ಹೋಗಿ, ಮೊತ್ತ ಮಿತಿ ಮೀರಿದಾಗ ಕೂಗುವ ಲೆಕ್ಕವನ್ನು ಪಿಎಲ್‌ಸಿಯಲ್ಲಿ ಅಥವಾ ಸ್ಕಾಡಾದಲ್ಲಿ ಹಾಕಿಸಿ. ಗುತ್ತಿಗೆದಾರರು ಆಗುವುದಿಲ್ಲ ಎಂದರೆ ಒಪ್ಪಬೇಡಿ. ಅದು ಕೆಲವೇ ಸಾಲುಗಳ ಪ್ರೋಗ್ರಾಮ್.

ಕೇಳದೆ ಕೂರಬೇಡಿ, ಪ್ರಶ್ನೆ ಹಾಕಿ. ಹಳೆಯ ಅಂಕಿಯನ್ನೇ ಮರುತೋರಿಸುವ ದಾಳಿಯನ್ನು ಹಿಡಿಯಲು ನಿಯಂತ್ರಣದ ಆದೇಶಕ್ಕೆ ಯಾರಿಗೂ ಮುಂಚಿತವಾಗಿ ಗೊತ್ತಾಗದ ಸಣ್ಣ ಕಂಪನವನ್ನು ಬೆರೆಸಿ, ಅದರ ಪರಿಣಾಮ ಸೆನ್ಸರಿನಲ್ಲಿ ಕಾಣುತ್ತದೆಯೇ ಎಂದು ನೋಡುವ ವಿಧಾನವನ್ನು ಯಿಲಿನ್ ಮೋ ಮತ್ತು ಬ್ರೂನೊ ಸಿನೊಪೊಲಿ 2009ರಲ್ಲಿ ಮುಂದಿಟ್ಟರು. ನಮ್ಮ ಪಂಪ್‌ಹೌಸಿನಲ್ಲಿ ಇದನ್ನು ಕೈಯಿಂದಲೇ ಮಾಡಬಹುದು. ದಿನಕ್ಕೊಮ್ಮೆ, ಹೊತ್ತು ಗೊತ್ತು ಇಲ್ಲದೆ, ಎಂಜಿನಿಯರರ ಒಪ್ಪಿಗೆ ಪಡೆದು ಡೆಲಿವರಿ ವಾಲ್ವನ್ನು ನಿಧಾನವಾಗಿ ತಿರುಗಿಸಿ ಸ್ವಲ್ಪ ಮುಚ್ಚಿ. ಫ್ಲೋ ಮೀಟರ್ ಇಳಿಯಬೇಕು, ಪಂಪಿನ ಕಡೆಯ ಪ್ರೆಷರ್ ಏರಬೇಕು, ಮೋಟಾರಿನ ಆಂಪಿಯರ್ ಬದಲಾಗಬೇಕು. ವಾಲ್ವ್ ತಿರುಗಿದರೂ ಪರದೆ ಕದಲದಿದ್ದರೆ ಆ ಪರದೆ ನಿಮ್ಮ ಘಟಕವನ್ನು ತೋರಿಸುತ್ತಿಲ್ಲ. ವಾಲ್ವನ್ನು ಜೋರಾಗಿ ತಿರುಗಿಸಿದರೆ ವಾಟರ್ ಹ್ಯಾಮರ್ ಆಗಿ ರೈಸಿಂಗ್ ಮೇನ್ ಒಡೆದೀತು, ನಿಧಾನ ಇರಲಿ.

ಹಾನಿಯ ಮಿತಿಯನ್ನು ಪೈಪಿನಲ್ಲೇ ಕಟ್ಟಿ. 10 ಲಕ್ಷ ಲೀಟರ್ ನೀರಿಗೆ ಲೀಟರಿಗೆ 1 ಮಿಲಿಗ್ರಾಮಿನಂತೆ ಹಾಕಲು ಬೇಕಾಗುವುದು 1 ಕಿಲೋ ಕ್ಲೋರಿನ್. ಹತ್ತು ಪಟ್ಟು ಹಾಕಬಲ್ಲ ಡೋಸಿಂಗ್ ಪಂಪ್ ಏಕೆ ಬೇಕು? ಅಗತ್ಯಕ್ಕೆ ತಕ್ಕಷ್ಟೇ ದೊಡ್ಡ ಪಂಪ್ ಹಾಕಿ. ದ್ರವ ಹೈಪೊಕ್ಲೋರೈಟ್ ಬಳಸುವವರು ಒಂದು ಶಿಫ್ಟಿಗೆ ಬೇಕಾದಷ್ಟನ್ನೇ ಡೇ ಟ್ಯಾಂಕಿಗೆ ತುಂಬಿ. ಆಗ ಸೆನ್ಸರ್ ಎಷ್ಟೇ ಸುಳ್ಳು ಹೇಳಲಿ, ಇಲ್ಲದ ರಾಸಾಯನಿಕವನ್ನು ಸುರಿಯಲು ಯಾರಿಂದಲೂ ಆಗದು. ಇಡೀ ಸೂಚನೆಯಲ್ಲಿ ಒಂದನ್ನೇ ಜಾರಿ ಮಾಡಲು ಸಾಧ್ಯವಿದ್ದರೆ ಇದನ್ನೇ ಮಾಡಿ ಎಂಬುದು ನನ್ನ ಖಚಿತ ಅಭಿಪ್ರಾಯ.

ತಿಂಗಳಿಗೊಮ್ಮೆ ಆಟೋ ಬಿಟ್ಟು ಕೈಯಿಂದ ಘಟಕ ನಡೆಸಿ. 2023ರ ನವೆಂಬರ್ 25ರಂದು ಅಮೆರಿಕದ ಪೆನ್ಸಿಲ್ವೇನಿಯಾದ ಅಲಿಕ್ವಿಪಾ ಊರಿನ ನೀರಿನ ಬೂಸ್ಟರ್ ಸ್ಟೇಷನ್‌ನ ಯುನಿಟ್ರಾನಿಕ್ಸ್ ಪಿಎಲ್‌ಸಿಯನ್ನು ದಾಳಿಕೋರರು ಹಿಡಿದರು. ಸಿಬ್ಬಂದಿ ಅದನ್ನು ಬದಿಗಿಟ್ಟು ಕೈಯಿಂದ ಪಂಪ್ ನಡೆಸಿದರು, ಊರಿಗೆ ನೀರು ತಪ್ಪಲಿಲ್ಲ. ನಿಮ್ಮ ಘಟಕದ ಹೊಸ ಹುಡುಗರಿಗೆ ಸ್ಟಾರ್ಟರ್ ಪ್ಯಾನಲ್ ಮುಂದೆ ನಿಂತು ಪಂಪ್ ಹಚ್ಚಲು ಬರುತ್ತದೆಯೇ? ಬರದಿದ್ದರೆ ನಿವೃತ್ತಿಯ ಅಂಚಿನಲ್ಲಿರುವ ಹಿರಿಯರಿಂದ ಈಗಲೇ ಕಲಿಸಿ.

ಮಾಡಬಾರದ್ದು

ನಿಯಂತ್ರಣಕ್ಕೂ ಅಲಾರಂಗೂ ಒಂದೇ ಸೆನ್ಸರ್ ಬಳಸಬೇಡಿ. ಲೆಕ್ಕ ಬರೆದವನ ಕೈಯಲ್ಲೇ ಆಡಿಟ್ ಮಾಡಿಸಿದ ಹಾಗಾಗುತ್ತದೆ. ಬೋಯಿಂಗ್ 737 ಮ್ಯಾಕ್ಸ್ ವಿಮಾನದ ಮೂತಿಯನ್ನು ತಾನಾಗಿ ಕೆಳಗಿಳಿಸುವ ವ್ಯವಸ್ಥೆ ಒಂದೇ ಒಂದು ಕೋನ ಮಾಪಕವನ್ನು ನಂಬಿತ್ತು. 2018ರ ಅಕ್ಟೋಬರ್‌ನಲ್ಲಿ ಇಂಡೊನೇಷ್ಯಾದಲ್ಲಿ, 2019ರ ಮಾರ್ಚ್‌ನಲ್ಲಿ ಇಥಿಯೋಪಿಯಾದಲ್ಲಿ ಈ ವಿಮಾನಗಳು ಬಿದ್ದು ಒಟ್ಟು 346 ಜನ ಸತ್ತರು.

ಇಂಟರ್‌ಲಾಕ್ ಬೈಪಾಸ್ ಮಾಡಬೇಡಿ. "ಪದೇ ಪದೇ ಟ್ರಿಪ್ ಆಗ್ತಿದೆ, ಒಂದು ಜಂಪರ್ ಹಾಕಿಬಿಡು" ಎಂದು ಯಾರು ಹೇಳಿದರೂ ಹಾಕಬೇಡಿ. ಹಾಕಲೇಬೇಕಾದ ಸಂದರ್ಭ ಬಂದರೆ ಎಂಜಿನಿಯರರ ಸಹಿ, ಹಾಕಿದ ಹೊತ್ತು, ತೆಗೆಯುವ ಹೊತ್ತು ಮೂರೂ ಲಾಗ್‌ಬುಕ್ಕಿನಲ್ಲಿರಲಿ, ಅಲ್ಲಿಯವರೆಗೆ ಆ ಟ್ಯಾಂಕಿನ ಪಕ್ಕದಲ್ಲಿ ಒಬ್ಬರು ನಿಂತಿರಲಿ.

ಪಿಎಲ್‌ಸಿಯ ಬೀಗದ ಕೈಯನ್ನು ಪ್ರೋಗ್ರಾಮ್ ಸ್ಥಾನದಲ್ಲಿ ಬಿಡಬೇಡಿ. 2017ರಲ್ಲಿ ಸೌದಿ ಅರೇಬಿಯಾದ ಪೆಟ್ರೋಕೆಮಿಕಲ್ ಘಟಕವೊಂದರ ಸುರಕ್ಷತಾ ನಿಯಂತ್ರಕಕ್ಕೇ ಟ್ರೈಟನ್ ಎಂಬ ದುಷ್ಟ ತಂತ್ರಾಂಶ ಹೊಕ್ಕಿತು. ಕೀ ಆ ಸ್ಥಾನದಲ್ಲಿದ್ದುದೇ ಅದಕ್ಕೆ ಬಾಗಿಲಾಯಿತು. ಕೀಯನ್ನು ರನ್ ಸ್ಥಾನಕ್ಕೆ ತಿರುಗಿಸಿ, ತೆಗೆದು, ಕಪಾಟಿನಲ್ಲಿಟ್ಟು ಬೀಗ ಹಾಕಿ.

ಕಂಪನಿಯಿಂದ ಬಂದ ಪಾಸ್‌ವರ್ಡನ್ನು ಹಾಗೇ ಉಳಿಸಬೇಡಿ. ಅಲಿಕ್ವಿಪಾದಲ್ಲಿದ್ದಂಥ ಪಿಎಲ್‌ಸಿಗಳ ಮೂಲ ಪಾಸ್‌ವರ್ಡ್ 1111. ಅದನ್ನು ಒಡೆಯುವ ಅಗತ್ಯವೇ ಇರಲಿಲ್ಲ.

ಕಂಟ್ರೋಲ್ ರೂಮಿನ ಕಂಪ್ಯೂಟರಿಗೆ ಮೊಬೈಲ್ ಹಾಟ್‌ಸ್ಪಾಟ್ ಕೊಡಬೇಡಿ, ಪೆನ್‌ಡ್ರೈವ್ ಚುಚ್ಚಬೇಡಿ, ಫೋನ್ ಚಾರ್ಜಿಗೆ ಹಾಕಬೇಡಿ. ದೂರದಿಂದ ರಿಪೇರಿ ಮಾಡುತ್ತೇವೆಂದು ವೆಂಡರ್ ಕೇಳಿದಾಗ ಎನಿಡೆಸ್ಕ್‌ನಂಥದ್ದನ್ನು ಹಾಕಿ ಮರೆತುಬಿಡಬೇಡಿ. ಕೆಲಸದ ಹೊತ್ತಿಗೆ ಮಾತ್ರ ಸಂಪರ್ಕ, ಮುಗಿದ ಕೂಡಲೇ ಕೇಬಲ್ ಹೊರಗೆ. ಗುತ್ತಿಗೆ ಮುಗಿದವರ ಲಾಗಿನ್, ಮೋಡೆಮ್‌ನ ಸಿಮ್ ಎರಡನ್ನೂ ಅದೇ ದಿನ ರದ್ದು ಮಾಡಿ. ಆಸ್ಟ್ರೇಲಿಯದ ಮರೂಚಿಯಲ್ಲಿ 2000ನೇ ಇಸವಿಯಲ್ಲಿ ಒಳಚರಂಡಿ ಪಂಪಿಂಗ್ ಸ್ಟೇಷನ್‌ಗಳನ್ನು ಲ್ಯಾಪ್‌ಟಾಪ್ ಮತ್ತು ರೇಡಿಯೊ ಬಳಸಿ ತಿಂಗಳುಗಟ್ಟಲೆ ಕೆಡಿಸಿ, ಸುಮಾರು 8 ಲಕ್ಷ ಲೀಟರ್ ಕೊಳಚೆಯನ್ನು ಊರಿನ ಹಳ್ಳಕೊಳ್ಳ, ಉದ್ಯಾನಗಳಿಗೆ ಹರಿಸಿದವನು ಹೊರಗಿನ ಅಪರಿಚಿತನಲ್ಲ. ಆ ವ್ಯವಸ್ಥೆಯನ್ನು ಅಳವಡಿಸಿದ ಕಂಪನಿಯಲ್ಲಿ ದುಡಿದು ಕೆಲಸ ಬಿಟ್ಟವನು.

ಅದೇ ಮರೂಚಿಯಿಂದ ಇನ್ನೊಂದು ಮಾತು. ಪಂಪುಗಳು ಹೇಳದೆ ನಿಂತಾಗ, ಅಲಾರಂ ಬಾರದಿದ್ದಾಗ ಹೊಸ ಉಪಕರಣದ ದೋಷವಿರಬೇಕೆಂದೇ ಮೊದಲು ಹುಡುಕಾಡಿದರು. "ಸೆನ್ಸರ್ ಕೆಟ್ಟಿದೆ, ಬದಲಾಯಿಸಿ" ಎಂದು ಬರೆದು ಕಡತ ಮುಚ್ಚಬೇಡಿ. ಬದಲಾಯಿಸಿ, ಆದರೆ ಹಳೆಯದನ್ನು ಬೆಂಚಿನ ಮೇಲಿಟ್ಟು ಪರೀಕ್ಷಿಸಿ. ಅದು ಸರಿಯಾಗಿಯೇ ಓದುತ್ತಿದ್ದರೆ ಕೆಟ್ಟದ್ದು ಸೆನ್ಸರ್ ಅಲ್ಲ.

ವೈರು ತುಂಡಾದರೆ "ಕೊನೆಯ ಅಂಕಿಯನ್ನೇ ಹಿಡಿದುಕೋ" ಎಂದು ಪಿಎಲ್‌ಸಿಗೆ ಹೇಳಿಟ್ಟಿದ್ದರೆ ಅದನ್ನು ಹಾಗೇ ಬಿಡಬೇಡಿ. ಲೂಪಿನಲ್ಲಿ 4 ಮಿಲಿಆಂಪಿಗಿಂತ ಗಮನಾರ್ಹವಾಗಿ ಕಡಿಮೆ ಬಂದರೆ ಅಲಾರಂ ಕೂಗಬೇಕು, ಡೋಸಿಂಗ್ ಸುರಕ್ಷಿತ ಸ್ಥಿತಿಗೆ ಹೋಗಬೇಕು.

ಪರದೆಯ ಫೋಟೊ, ಪ್ಯಾನಲ್‌ನ ಫೋಟೊ, ಘಟಕದ ನಕ್ಷೆಗಳನ್ನು ವಾಟ್ಸಾಪ್ ಗುಂಪುಗಳಿಗೆ ಹಾಕಬೇಡಿ. ಯಾವ ಟ್ಯಾಂಕಿಗೆ ಯಾವ ಮೀಟರ್, ಮಿತಿ ಎಷ್ಟು ಎಂಬುದು ಅದರಲ್ಲಿ ಸ್ಪಷ್ಟವಾಗಿ ಕಾಣುತ್ತದೆ.

ಅನುಮಾನ ಬಂದ ಕ್ಷಣದಿಂದ

ಮೊದಲು ನೀರು, ಆಮೇಲೆ ಕಂಪ್ಯೂಟರ್. ಡೋಸಿಂಗನ್ನು ಕೈ ನಿಯಂತ್ರಣಕ್ಕೆ ತನ್ನಿ. ಹೊರಹೋಗುವ ನೀರಿನ ಕ್ಲೋರಿನ್ ಕೂಡಲೇ ಪರೀಕ್ಷಿಸಿ. ಹೆಚ್ಚು ಕಡಿಮೆ ಕಂಡರೆ ಊರಿಗೆ ನೀರು ಬಿಡುವುದನ್ನು ನಿಲ್ಲಿಸಿ, ಮೇಲಿನವರಿಗೆ ಹೇಳಿ. ಈಗಾಗಲೇ ಹೋದ ನೀರಿನ ಬಗ್ಗೆ ಜನರಿಗೆ ತಿಳಿಸಲು ಹಿಂಜರಿಯಬೇಡಿ.

ಆಮೇಲೆ ಸುಳ್ಳು ಎಲ್ಲಿ ಸೇರಿದೆ ಎಂದು ಮೂರು ಕಡೆ ನೋಡಿ ಗುರುತಿಸಿ: ಟ್ಯಾಂಕಿನ ಅಳತೆ ಪಟ್ಟಿ, ಪಿಎಲ್‌ಸಿ ಪ್ಯಾನಲ್‌ಗೆ ಬರುವ ಮಿಲಿಆಂಪ್, ಪರದೆ. 5 ಮೀಟರಿನ ಟ್ಯಾಂಕಿಗೆ 4-20 ಹೊಂದಿಸಿದ್ದರೆ 2.5 ಮೀಟರ್ ನೀರಿಗೆ 12 ಮಿಲಿಆಂಪ್ ಬರಬೇಕು. ಅಳತೆ ಪಟ್ಟಿಗೂ ಮಿಲಿಆಂಪಿಗೂ ಹೊಂದದಿದ್ದರೆ ತೊಂದರೆ ಸೆನ್ಸರಿನಲ್ಲಿ ಅಥವಾ ವೈರಿನಲ್ಲಿದೆ. ಅವೆರಡೂ ಹೊಂದಿ ಪರದೆ ಬೇರೆ ಹೇಳಿದರೆ ತೊಂದರೆ ಪಿಎಲ್‌ಸಿಯಲ್ಲಿ ಅಥವಾ ಅಲ್ಲಿಂದ ಪರದೆಯವರೆಗಿನ ದಾರಿಯಲ್ಲಿದೆ. ಅಳೆಯುವಾಗ ಲೂಪ್ ಬಿಚ್ಚಬೇಡಿ. ಟೆಸ್ಟ್ ಟರ್ಮಿನಲ್ ಅಥವಾ ಮಿಲಿಆಂಪ್ ಕ್ಲಾಂಪ್ ಮೀಟರ್ ಬಳಸಿ.

ಹೊರಗಿನ ಸಂಪರ್ಕದ ಕೇಬಲ್ ಕಿತ್ತು ಬಿಡಿ. ಆದರೆ ಪಿಎಲ್‌ಸಿಯನ್ನು, ಕಂಪ್ಯೂಟರನ್ನು ಆಫ್ ಮಾಡಬೇಡಿ, ಫಾರ್ಮ್ಯಾಟ್ ಮಾಡಬೇಡಿ. ಸಾಕ್ಷ್ಯ ಅಳಿದು ಹೋಗುತ್ತದೆ. ನೋಡಿದ್ದು, ಮಾಡಿದ್ದು, ಹೊತ್ತು ಎಲ್ಲವನ್ನೂ ಬರೆಯಿರಿ. ಕೇಂದ್ರ ಸರ್ಕಾರದ ಸೈಬರ್ ಸುರಕ್ಷತಾ ಸಂಸ್ಥೆಯಾದ ಸಿಇಆರ್‌ಟಿ-ಇನ್ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನದ ಪ್ರಕಾರ ಸ್ಕಾಡಾ ಮತ್ತು ಇತರ ಯಂತ್ರ ನಿಯಂತ್ರಣ ವ್ಯವಸ್ಥೆಗಳ ಮೇಲಿನ ದಾಳಿಯನ್ನು ಗಮನಕ್ಕೆ ಬಂದ 6 ಗಂಟೆಯೊಳಗೆ ವರದಿ ಮಾಡಬೇಕು, ಲಾಗ್‌ಗಳನ್ನು 180 ದಿನ ಕಾಪಾಡಬೇಕು, ಗಡಿಯಾರಗಳು ಹೊಂದಿಕೆಯಲ್ಲಿರಬೇಕು. ಆಪರೇಟರ್ ಎಂಜಿನಿಯರಿಗೆ ಹೇಳಬೇಕು, ಎಂಜಿನಿಯರ್ ಆ 6 ಗಂಟೆಯೊಳಗೆ ಮುಂದೆ ತಿಳಿಸಬೇಕು. ಬೆಳಗಾಗಲಿ ಎಂದು ಕಾಯುವಂತಿಲ್ಲ.

ಅಧಿಕಾರಿಗಳಿಗೆ ಒಂದು ಕಟ್ಟುನಿಟ್ಟಿನ ಮಾತು. ಅನುಮಾನದ ಮೇಲೆ ಪಂಪ್ ನಿಲ್ಲಿಸಿದ ಆಪರೇಟರಿಗೆ, ಅನುಮಾನ ಸುಳ್ಳಾಗಿದ್ದರೂ, ಮೆಮೊ ಕೊಡಬೇಡಿ, ಸಂಬಳ ಹಿಡಿಯಬೇಡಿ. ಗುತ್ತಿಗೆಯ ಮೇಲಿರುವ ಹುಡುಗನನ್ನು ಮನೆಗೆ ಕಳಿಸಬೇಡಿ. ಒಬ್ಬನಿಗೆ ಹಾಗಾದರೆ ಮುಂದಿನ ಸಲ ಪರದೆಗೂ ಅಳತೆ ಪಟ್ಟಿಗೂ ತಾಳೆಯಾಗದಾಗ ಯಾರೂ ಬಾಯಿ ಬಿಡುವುದಿಲ್ಲ. ನಿಲ್ಲಿಸುವ ಅಧಿಕಾರ ಶಿಫ್ಟಿನಲ್ಲಿರುವವರಿಗೆ ಇದೆ ಎಂದು ಬರಹದಲ್ಲಿ ಕೊಟ್ಟು, ಅದನ್ನು ಪ್ಯಾನಲ್ ಪಕ್ಕದಲ್ಲಿ ಅಂಟಿಸಿ.

ಈ ಸೂಚನೆಯನ್ನು ಓದಿ ಮುಗಿಸಿದವರು ಇಂದಿನ ಶಿಫ್ಟ್ ಬಿಡುವ ಮುನ್ನ ಒಂದು ಕೆಲಸ ಮಾಡಿ: ಟ್ಯಾಂಕಿನ ಹತ್ತಿರ ಹೋಗಿ ಮಟ್ಟ ಓದಿ, ಲಾಗ್‌ಬುಕ್ಕಿನಲ್ಲಿ ಬರೆದು, ಸಹಿ ಹಾಕಿ, ಮುಂದಿನ ಶಿಫ್ಟಿನವರ ಕೈಗೆ ಕೊಡಿ.